ಹಳಿ ಕಾಣದ ಊರಿನ ಟೇಷನ್ನು

ಪೂರಿಗಾಲಿಯಲ್ಲಿ ನಿಂತು ರೈಲಿನ ಕೂಗು ಕೇಳಿಸಿಕೊಂಡವರು ಯಾರೂ ಇಲ್ಲ. ಮಳವಳ್ಳಿ ತಾಲ್ಲೂಕಿನ ಈ ಊರಿಗೆ ಕಾವೇರಿ ಹತ್ತಿರ, ಹೊಳೆಯಾಚೆಯ ತಲಕಾಡಿನ ಮರಳು ಹತ್ತಿರ, ಬೊಪ್ಪೇಗೌಡನಪುರದ ಮಂಟೇಸ್ವಾಮಿ ಗದ್ದುಗೆ ಹತ್ತಿರ. ರೈಲು ಮಾತ್ರ ದೂರ. ಆದರೂ ನಮ್ಮ ಸೀಮೆಯ ಹಿರಿಯರ ಬಾಯಲ್ಲಿ ಒಂದು ಮಾತಿತ್ತು: ‘ಟೇಷನ್ ಕಡೆಗೆ ಹೋಗಿ ಬತ್ತೀನಿ.’ ಯಾವ ಟೇಷನ್ ಅಂತ ಯಾರೂ ಕೇಳುತ್ತಿರಲಿಲ್ಲ. ಅದು ಮದ್ದೂರು ಟೇಷನ್. ನಡುವೆ ಮಳವಳ್ಳಿ ಬರುತ್ತದೆ, ಕೆ.ಎಂ. ದೊಡ್ಡಿ ಬರುತ್ತದೆ, ಅರ್ಧ ದಿನದ ಗಾಡಿ ಪಯಣ ಬರುತ್ತದೆ. ಇಷ್ಟೆಲ್ಲ ಇದ್ದರೂ ಮದ್ದೂರಿನ ರೈಲು ನಿಲ್ದಾಣ ನಮ್ಮ ಊರಿನದೇ ಒಂದು ಹೊರಬಾಗಿಲು ಎಂಬ ಹಾಗೆ ಅವರು ಮಾತಾಡುತ್ತಿದ್ದರು.

ನಾನು ಮೊದಲ ಸಲ ರೈಲು ಕಂಡದ್ದು ಅಲ್ಲಿಯೇ, ಅಜ್ಜನ ಕೈ ಹಿಡಿದುಕೊಂಡು. ಉಗಿಬಂಡಿಯ ಕಾಲದ ಕೊನೆಯ ವರ್ಷಗಳು. ರೈಲು ಬಂದು ನಿಂತಿತು, ಜನ ಇಳಿದರು, ಹತ್ತಿದರು, ಆದರೆ ಹೊರಡಲಿಲ್ಲ. ಎಂಜಿನ್ ಮುಂದಕ್ಕೆ ಹೋಗಿ ಒಂದು ಎತ್ತರದ ಕಬ್ಬಿಣದ ಕಂಬದ ಕೆಳಗೆ ನಿಂತಿತು. ಕಂಬದ ತೋಳನ್ನು ಒಬ್ಬ ಎಳೆದು ತಿರುಗಿಸಿದ. ತೊಗಲಿನ ಸೊಂಡಿಲು ಎಂಜಿನ್ನಿನ ಬೆನ್ನ ಮೇಲಿನ ತೂತಿಗೆ ಇಳಿಯಿತು. ಧೋ ಎಂದು ನೀರು. ತುಂಬಿ ಹೊರಚೆಲ್ಲಿದ ನೀರು ಬಿಸಿ ಕಬ್ಬಿಣದ ಮೇಲೆ ಬಿದ್ದು ಚುರ್ ಅಂದಿತು.

‘ಏನ್ಮಾಡ್ತದೆ ಅಜ್ಜ ಅದು?’

‘ನೀರು ಕುಡೀತದೆ ಕಣ್ ಮಗ. ಎತ್ತಿಗಾದ್ರೂ ದಣಿವಾಗಕ್ಕಿಲ್ವಾ?’

ಆ ಉತ್ತರವನ್ನು ನಾನು ಇವತ್ತಿಗೂ ಮರೆತಿಲ್ಲ. ಯಾಕೆಂದರೆ ಮದ್ದೂರಿನ ರೈಲ್ವೆ ಚರಿತ್ರೆಯ ಅರ್ಧಭಾಗ ಆ ನೀರು ಕುಡಿಯುವ ಬಿಡುವಿನಲ್ಲೇ ಹುಟ್ಟಿದ್ದು.

ಆದರೆ ಕಥೆ ಅದಕ್ಕಿಂತ ಹಿಂದಿನದು. ಹಳಿ ಬೀಳುವ ಮೊದಲು ದಾರಿಯಿತ್ತು, ದಾರಿಗೆ ಎರಡು ಕವಲಿದ್ದವು. ಬೆಂಗಳೂರಿನ ಕಡೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವವರು ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೇಲೆ ಹೋಗಬಹುದಿತ್ತು. ಅಥವಾ ಕಾನಕಾನಹಳ್ಳಿ, ಅಂದರೆ ಇವತ್ತಿನ ಕನಕಪುರ, ಅಲ್ಲಿಂದ ಮಳವಳ್ಳಿ ಹಿಡಿದು ಕಾವೇರಿ ದಾಟಬಹುದಿತ್ತು. 1799ರಲ್ಲಿ ಈ ಎರಡು ಕವಲುಗಳ ಮೇಲೆ ಒಂದು ರಾಜ್ಯದ ಹಣೆಬರಹವೇ ನಿಂತಿತು. ಟಿಪ್ಪು ಸುಲ್ತಾನ್ ಮದ್ದೂರು ಹೊಳೆಯ ಹತ್ತಿರ ಬೀಡುಬಿಟ್ಟು ಕಾದ. ಬ್ರಿಟಿಷರ ಜನರಲ್ ಹ್ಯಾರಿಸ್‌ನ ದಂಡು ಕನಕಪುರದ ದಾರಿ ಹಿಡಿಯಿತು. ಟಿಪ್ಪು ಅತ್ತ ತಿರುಗಿ ಮಾರ್ಚ್ 27ರಂದು ಮಳವಳ್ಳಿ ಬಯಲಲ್ಲಿ ಕಾದಾಡಿದ, ಹಿಂದೆ ಸರಿದ. ಹ್ಯಾರಿಸ್ ಸೋಸಲೆಯ ಬಳಿ ಕಾವೇರಿ ದಾಟಿದ. ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಆ ವರ್ಷ ಚರಿತ್ರೆ ನಡೆದು ಹೋದದ್ದು ಮಳವಳ್ಳಿಯ ದಾರಿಯಲ್ಲಿ. ಎಂಬತ್ತು ವರ್ಷದ ಮೇಲೆ ರೈಲು ಬಂದಾಗ ಅದು ಇನ್ನೊಂದು ಕವಲನ್ನು ಹಿಡಿಯಿತು. ಮದ್ದೂರು ಟೇಷನ್ ಆಯಿತು, ಮಳವಳ್ಳಿ ಒಳನಾಡಾಯಿತು.

ಆ ರೈಲು ಬಂದದ್ದು ಹಬ್ಬದ ಹಾಗೆ ಅಲ್ಲ, ಹಸಿವಿನ ಹೊಟ್ಟೆಯ ಮೇಲೆ. 1876ರಿಂದ 1878ರವರೆಗಿನ ಕ್ಷಾಮವನ್ನು ನಮ್ಮ ಕಡೆ ಧಾತು–ಈಶ್ವರದ ಬರ ಅನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರು ಹಿಡಿದು. ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅಂದರೆ ಸುಮಾರು ಐವರಲ್ಲಿ ಒಬ್ಬರು. ಗಂಜಿಕೇಂದ್ರಗಳಿಂದ ಎಬ್ಬಿಸಿ ಕೈಲಾದವರಿಗೆ ಕೂಲಿ ಕೊಡಬೇಕು ಎಂದು ಸರ್ಕಾರ ನಿರ್ಧರಿಸಿದಾಗ ಹಿಡಿದ ದೊಡ್ಡ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುಹಾದಿಯೂ ಒಂದು. ಹಾದಿಯ ಮಣ್ಣು ಏರಿ ಎದ್ದದ್ದು ಬರದಲ್ಲಿ ಉಳಿದವರ ಮಂಕರಿಯಿಂದ. ಇವತ್ತು ಆ ಏರಿಯ ಮೇಲೆ ಮೂರು ತಾಸಿನೊಳಗೆ ಮೈಸೂರು ಮುಟ್ಟುವ ನಾವು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತೇವೆ. ಆ ಮಣ್ಣು ಹೊತ್ತವರು ನೋಡಿದ್ದು ಬಿರುಕು ಬಿಟ್ಟ ಹೊಲ. ವಿಶ್ವೇಶ್ವರಯ್ಯ ನಾಲೆ ಇನ್ನೂ ಅರ್ಧ ಶತಮಾನ ದೂರವಿತ್ತು.

ಮೀಟರ್ ಗೇಜ್ ಹಾದಿ, ಒಟ್ಟು 86 ಮೈಲಿ, ಇಂದಿನ ಲೆಕ್ಕದಲ್ಲಿ 138 ಕಿಲೋಮೀಟರ್. 1881ರಲ್ಲಿ ಬೆಂಗಳೂರು ಕಡೆಯಿಂದ ತುಂಡು ತುಂಡಾಗಿ ತೆರೆಯುತ್ತಾ ಬಂದು 1882ರ ಫೆಬ್ರವರಿಗೆ ಮೈಸೂರು ಮುಟ್ಟಿತು. ಅದೇ 1881ರ ಮಾರ್ಚ್ 25ರಂದು ಬ್ರಿಟಿಷರು ರಾಜ್ಯವನ್ನು ಹತ್ತನೇ ಚಾಮರಾಜ ಒಡೆಯರಿಗೆ ಮರಳಿಸಿದ್ದರು, ರಂಗಾಚಾರ್ಲು ದಿವಾನರಾಗಿದ್ದರು. ಬರದಿಂದ ಬೊಕ್ಕಸ ಬರಿದಾಗಿದ್ದ ಸಂಸ್ಥಾನ ಹಾಗೂ ಹೀಗೂ ಹಾದಿ ಮುಗಿಸಿ, ಭಾರ ತಾಳಲಾಗದೆ 1886ರಲ್ಲಿ ಅದರ ನಡೆಸುವಿಕೆಯನ್ನು ಸದರ್ನ್ ಮರಾಠ ರೈಲ್ವೆ ಕಂಪನಿಗೆ ವಹಿಸಿತು. ಮುಂದೆ ಸಂಸ್ಥಾನ ಹಾದಿಯನ್ನು ವಾಪಸು ತನ್ನ ಕೈಗೆ ತೆಗೆದುಕೊಂಡಿತು. 1951ರಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು.

ಹಾದಿ ಬಿದ್ದ ಮೇಲೆ ಹಾದಿಯ ಪಕ್ಕ ಒಂದು ಹೊಸ ಬಗೆಯ ಊರು ಹುಟ್ಟಿತು. ನಮ್ಮ ಹಳ್ಳಿಗಳು ಕೆರೆಯ ಹಿಂದೆ, ಕೋಟೆಯ ಒಳಗೆ, ದೇವಸ್ಥಾನದ ಸುತ್ತ ಬೆಳೆದವು. ಇದು ಗಡಿಯಾರದ ಸುತ್ತ ಬೆಳೆದ ಊರು. ಹಳೆಯ ಮದ್ದೂರಿಗೆ ಉಗ್ರನರಸಿಂಹನಿದ್ದಾನೆ, ಆಳೆತ್ತರ ಮೀರಿದ ವರದರಾಜನಿದ್ದಾನೆ, ಶಿಂಷಾ ಹೊಳೆಯಿದೆ, ರೈಲಿಗಿಂತ ಮೊದಲೇ ಹೆದ್ದಾರಿಗೆಂದು ಕಟ್ಟಿದ ಕಮಾನಿನ ಸೇತುವೆಯಿದೆ. ಟೇಷನ್ನಿನ ಮದ್ದೂರಿಗೆ ಇದ್ದದ್ದು ಕಲ್ಲಿನ ಕಟ್ಟಡ, ನೀರಿನ ತೊಟ್ಟಿ, ಮಾಸ್ತರರ ಮನೆ, ಗ್ಯಾಂಗಿನವರ ಸಾಲುಮನೆ, ಗೇಟಿನವನ ಗುಡಿಸಲು, ಜಟಕಾ ನಿಲ್ಲುವ ಹುಣಸೆ ನೆರಳು, ಮೂಟೆ ಇಳಿಸುವ ಕಟ್ಟೆ. ಜನರ ಹೆಸರಿಗಿಂತ ಕೆಲಸದ ಹೆಸರೇ ಮುಂದು. ಕೀಮನ್, ಪಾಯಿಂಟ್ಸ್‌ಮನ್, ಗೇಟ್‌ಮನ್, ಗ್ಯಾಂಗ್‌ಮನ್. ಮದ್ದೂರಿನಿಂದ ಮುಂದೆ ಹನಕೆರೆ, ಮಂಡ್ಯ ದಾಟಿದರೆ ಯಲಿಯೂರು, ಬ್ಯಾಡರಹಳ್ಳಿ. ಹಿಂದೆ ನಿಡಘಟ್ಟ, ಶೆಟ್ಟಿಹಳ್ಳಿ. ಪಾಂಡವಪುರ ನಿಲ್ದಾಣಕ್ಕೆ ಆಗ ಫ್ರೆಂಚ್ ರಾಕ್ಸ್ ಎಂದು ಹೆಸರು, ಹೈದರ್–ಟಿಪ್ಪುವಿನ ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರ ನೆನಪಿಗೆ. ಇಂಥ ಒಂದೊಂದು ನಿಲ್ದಾಣದ ಹಿಂದೆಯೂ ನಾಲ್ಕಾರು ಸಂಸಾರ, ಒಂದು ಬಾವಿ, ಒಂದು ಬೇವಿನ ಮರ, ರಾತ್ರಿಯಿಡೀ ಆರದ ಒಂದು ಸೀಮೆಎಣ್ಣೆ ದೀಪ.

ಆ ಸಂಸಾರಗಳ ದುಡಿಮೆಯನ್ನು ನಾವು ಎಲ್ಲೂ ಸರಿಯಾಗಿ ಬರೆದಿಟ್ಟಿಲ್ಲ ಎಂಬುದು ನನ್ನ ಕೊರಗು. ಕೀಮನ್ ಬೆಳಗಿನ ಜಾವ ಭುಜದ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹೊರಡುತ್ತಿದ್ದ. ತನ್ನ ಪಾಲಿನ ಮೈಲಿಗಳನ್ನು ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ ನೋಡುತ್ತ ನಡೆಯಬೇಕು. ಸಡಿಲಾದ ಕೀಲಿಯನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬೇಕು. ಪಳಗಿದವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು, ಗಟ್ಟಿ ಕೂತದ್ದು ಒಂದು ಥರ ಅನ್ನುತ್ತದೆ, ಜಾಳಾದದ್ದು ಇನ್ನೊಂದು ಥರ. ಮಳೆಗಾಲದ ರಾತ್ರಿ ಏರಿ ಕುಸಿದೀತು ಎಂದು ಲಾಟೀನು ಹಿಡಿದು ಅದೇ ಹಾದಿಯಲ್ಲಿ ಗಸ್ತು. ಒಂದೇ ಜೋಡಿ ಹಳಿಯ ಮೇಲೆ ಎದುರುಬದುರು ಬರುವ ಗಾಡಿಗಳು ಡಿಕ್ಕಿ ಹೊಡೆಯದಂತೆ ಕಾದದ್ದು ಒಂದು ಕಬ್ಬಿಣದ ಚೆಂಡು. ಅದಕ್ಕೆ ಟೋಕನ್ ಎಂದು ಹೆಸರು. ಮದ್ದೂರಿನ ಮಾಸ್ತರ್ ಮುಂದಿನ ನಿಲ್ದಾಣದ ಮಾಸ್ತರನ್ನು ಗಂಟೆ ಬಡಿದು ಕೇಳಿ, ಆತ ಒಪ್ಪಿದರೆ ಮಾತ್ರ ಯಂತ್ರದಿಂದ ಆ ಚೆಂಡು ಹೊರಗೆ ಬೀಳುತ್ತಿತ್ತು. ಅದನ್ನು ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿಟ್ಟು ಡ್ರೈವರ್ ಕೈಗೆ ಕೊಡಬೇಕು. ಚೆಂಡು ಕೈಯಲ್ಲಿಲ್ಲದೆ ಗಾಡಿ ಕದಲುವಂತಿಲ್ಲ. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ಬಳೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ, ಎಂಜಿನ್ನಿನಿಂದ ಒಬ್ಬ ತೋಳು ಚಾಚಿ ಓಟದಲ್ಲೇ ಅದನ್ನು ತೋಳಿಗೇರಿಸಿಕೊಳ್ಳುತ್ತಿದ್ದ. ಇನ್ನೊಂದು ಕೈಯಲ್ಲಿ ಹಿಂದಿನ ನಿಲ್ದಾಣದ ಬಳೆಯನ್ನು ಕೆಳಗೆಸೆಯುತ್ತಿದ್ದ. ಸಾವಿರ ಜನರ ಪ್ರಾಣ ಆ ಒಂದು ಕ್ಷಣದ ಕೈಚಳಕದಲ್ಲಿತ್ತು. ನೋಡಿದವರಿಗೆ ಅದು ಆಟದ ಹಾಗೆ ಕಾಣುತ್ತಿತ್ತು.

ಈಗ ಪೂರಿಗಾಲಿಯ ಕಡೆಗೆ ಬರೋಣ. ಹಳಿಯಿಲ್ಲದ ಮಳವಳ್ಳಿ ಸೀಮೆಗೂ ಮದ್ದೂರಿನ ಟೇಷನ್ನಿಗೂ ನಡೆದ ಅತಿ ದೊಡ್ಡ ವ್ಯವಹಾರವೊಂದಿದೆ, ಅದನ್ನು ನಮ್ಮ ಮಕ್ಕಳಿಗೆ ಪಾಠವಾಗಿ ಹೇಳಬೇಕು. ಶಿವನಸಮುದ್ರದ ವಿದ್ಯುತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರ್ ಮುಂದಾಳುತನದಲ್ಲಿ ಕಾವೇರಿಯ ಧುಮುಕನ್ನು ಪಳಗಿಸುವ ಕೆಲಸ ಶುರುವಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ, ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯ ಟರ್ಬೈನು. ಕಡಲು ದಾಟಿ, ರೈಲು ಹತ್ತಿ ಬಂದ ಆ ಲೋಹದ ಗುಡ್ಡಗಳಿಗೆ ಹತ್ತಿರದ ನಿಲ್ದಾಣ ಮದ್ದೂರು. ಅಲ್ಲಿಂದ ಶಿವನಸಮುದ್ರಕ್ಕೆ ಸುಮಾರು ಮೂವತ್ತು ಮೈಲಿ. ಲಾರಿಯಿಲ್ಲ, ಕ್ರೇನಿಲ್ಲ. ಗಾಡಿಗಳ ಮೇಲೆ ಹೇರಿ, ಆನೆ ಕುದುರೆ ಕಟ್ಟಿ ಎಳೆಸಿದರು.

ಮದ್ದೂರಿನಿಂದ ಮಳವಳ್ಳಿಯ ದಾರಿಯ ಏರು ತಗ್ಗುಗಳನ್ನು ಬಲ್ಲವರು ಒಮ್ಮೆ ಕಣ್ಣು ಮುಚ್ಚಿ ನೆನೆಯಬೇಕು. ಎರೆಮಣ್ಣಿನಲ್ಲಿ ಚಕ್ರ ಹೂತುಹೋದಾಗ ಆನೆ ಹಣೆ ಕೊಟ್ಟು ನೂಕುವುದು, ಹಳ್ಳ ದಾಟಿಸುವಾಗ ಹಗ್ಗ ಹಿಡಿದವರು ಒಟ್ಟಿಗೆ ಕೂಗುವುದು, ದಾರಿಯ ಎರಡೂ ಕಡೆ ಹಳ್ಳಿಯವರು ಬಾಯಿ ಬಿಟ್ಟು ನಿಲ್ಲುವುದು. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ದೀಪ ಹೊತ್ತಿತು. ಚಿನ್ನ ಕೋಲಾರದ್ದು, ಬೆಳಕು ಬೆಂಗಳೂರಿನದು, ನೀರು ಕಾವೇರಿಯದು ಎಂದು ಎಲ್ಲರೂ ಬರೆದರು. ಆ ಮೂವತ್ತು ಮೈಲಿಯ ದಾರಿ ಯಾರದು? ಅದು ಮದ್ದೂರು–ಮಳವಳ್ಳಿಯ ರೈತರ, ಗಾಡಿಯವರ, ಮಾವುತರ ದಾರಿ. ಮದ್ದೂರು ಟೇಷನ್ನಿನ ಮೂಟೆಕಟ್ಟೆಯ ಮೇಲೆ ಇಳಿಯದಿದ್ದರೆ ಆ ಯಂತ್ರಗಳಿಗೆ ಕಾವೇರಿ ಸಿಗುತ್ತಿರಲಿಲ್ಲ.

ಯಂತ್ರ ಹೋದ ದಾರಿಯಲ್ಲೇ ಮುಂದೆ ಜನ ಹೋದರು. ಗಗನಚುಕ್ಕಿ, ಭರಚುಕ್ಕಿ ನೋಡುವ ಪ್ರವಾಸಿಗರೂ ಬಹುಕಾಲ ಮದ್ದೂರಿನಲ್ಲೇ ಇಳಿದರು. ಎದುರಿನಿಂದ ನಮ್ಮ ಗಾಡಿಗಳು ಬಂದವು. ರಾಗಿ, ಭತ್ತ, ಬೆಲ್ಲ, ರೇಷ್ಮೆಗೂಡು. ಸಂಜೆ ಪೂರಿಗಾಲಿ ಕಡೆಯಿಂದ ಎತ್ತು ಹೂಡಿದರೆ ಗಾಡಿಯ ಕೆಳಗೆ ಲಾಟೀನು ತೂಗಿಬಿಟ್ಟು, ಮೂಟೆಯ ಮೇಲೆ ಮಲಗಿ ಹೊರಡುವುದು. ದಾರಿ ಬಲ್ಲ ಎತ್ತು ತಾನೇ ನಡೆಯುತ್ತದೆ. ಬೆಳಗಾಗುವ ಹೊತ್ತಿಗೆ ಶಿಂಷಾದ ತಂಪು ಗಾಳಿ ಮುಖಕ್ಕೆ ಬಡಿದರೆ ಟೇಷನ್ ಬಂತು ಅಂತ ಲೆಕ್ಕ. ಇದು ಅಜ್ಜ ಹೇಳಿದ್ದು. ಅವನ ಪಾಲಿಗೆ ರೈಲೆಂದರೆ ಹತ್ತುವ ಗಾಡಿಯಲ್ಲ, ತನ್ನ ಮೂಟೆ ಹತ್ತುವ ಗಾಡಿ.

ಇನ್ನು ವಡೆ. ಮದ್ದೂರಿನ ಬಗ್ಗೆ ಬರೆಯುತ್ತ ಅದನ್ನು ಬಿಟ್ಟರೆ ಓದುಗರು ಕ್ಷಮಿಸುವುದಿಲ್ಲ. ನನಗೆ ಅದು ತಿಂಡಿಗಿಂತ ಹೆಚ್ಚಾಗಿ ರೈಲ್ವೆ ವಸತಿಯೊಂದರ ದಾಖಲೆ. ಹೇಳಿಕೆಯ ಪ್ರಕಾರ 1917ರಲ್ಲಿ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ನಿಲ್ದಾಣದಲ್ಲಿ ಸಸ್ಯಾಹಾರಿ ಉಪಾಹಾರ ಮಾರುತ್ತಿದ್ದರು, ಇಡ್ಲಿ, ಪಕೋಡ. ಎಂಜಿನ್ ನೀರು ಕುಡಿಯುವ ಬಿಡುವೇ ಅವರ ವ್ಯಾಪಾರದ ಹೊತ್ತು. ಒಂದು ದಿನ ರೈಲು ಬೇಗ ಬಂತು. ಪಕೋಡ ಒಂದೊಂದಾಗಿ ಬಿಟ್ಟು ಬೇಯಿಸಲು ಪುರಸೊತ್ತಿಲ್ಲ. ಕಲಸಿದ್ದ ಹಿಟ್ಟನ್ನೇ ಅಂಗೈ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟರು. ತಿಂದವರು ಮತ್ತೆ ಕೇಳಿದರು.

ಮಾಡುವ ಕೈಯನ್ನು ಹತ್ತಿರದಿಂದ ನೋಡಿದರೆ ಆ ಕಥೆ ನಿಜವೆನ್ನಿಸುತ್ತದೆ. ಅಕ್ಕಿಹಿಟ್ಟು, ಚಿರೋಟಿ ರವೆ, ಮೈದಾ. ಅದಕ್ಕೆ ಕಾದ ಎಣ್ಣೆ ಅಥವಾ ತುಪ್ಪ ಹಾಕಿ ಹಿಟ್ಟಿಗೆ ಉಜ್ಜಬೇಕು, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಷ್ಟು. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಉಪ್ಪಿನ ಜೊತೆ ಕಿವುಚಿದರೆ ಅದೇ ನೀರು ಬಿಡುತ್ತದೆ, ಬೇರೆ ನೀರು ಚಿಮುಕಿಸಿದರೆ ಸಾಕು. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಬಾಳೆಲೆಯ ಮೇಲೆ ಎಣ್ಣೆ ಸವರಿ ತಟ್ಟಿ, ಸಣ್ಣ ಉರಿಯಲ್ಲಿ ಕಂದು ತಿರುಗುವ ತನಕ. ಅವಸರದ ಉರಿಗೆ ಮೇಲೆ ಕರಕಲು, ಒಳಗೆ ಹಸಿ. ಚಟ್ನಿ ಬೇಕಿಲ್ಲ, ಎಲೆ ಬೇಕಿಲ್ಲ, ಒಂದು ಕೈ ಸಾಕು, ಎರಡು ದಿನ ಕೆಡುವುದಿಲ್ಲ. ಹೊರಡುವ ಗಾಡಿಯ ಕಿಟಕಿಯಿಂದ ಕೈ ಚಾಚಿದವನಿಗೆ ಹೇಳಿ ಮಾಡಿಸಿದ ತಿಂಡಿ. ಬುಟ್ಟಿ ಹೊತ್ತು ‘ವಡೇ, ಮದ್ದೂರ್ ವಡೇ’ ಎಂದು ಡಬ್ಬಿಯಿಂದ ಡಬ್ಬಿಗೆ ಓಡಿದವರ ಮಕ್ಕಳು ಆ ಕೂಗಿನಿಂದಲೇ ಶಾಲೆ ಕಲಿತರು.

ಆ 1917ನ್ನು ಓದಿದಾಗಲೆಲ್ಲ ನನಗೆ ಭೂಮಿಯ ಇನ್ನೊಂದು ಮೂಲೆಯ ಊರು ನೆನಪಾಗುತ್ತದೆ. ಆಸ್ಟ್ರೇಲಿಯಾದ ದಕ್ಷಿಣದಲ್ಲಿ ನಲ್ಲರ್ಬೋರ್ ಎಂಬ ಮರವಿಲ್ಲದ ಬಯಲಿದೆ. ಅದನ್ನು ಹಾಯ್ದು ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಾದಿ ಮುಗಿದದ್ದು 1917ರ ಅಕ್ಟೋಬರ್‌ನಲ್ಲಿ. ಆ ಹಾದಿಯಲ್ಲಿ 478 ಕಿಲೋಮೀಟರ್ ಒಂದೇ ಒಂದು ತಿರುವಿಲ್ಲ. ಅದರ ಮೇಲೆ ಅದೇ ವರ್ಷ ಹುಟ್ಟಿದ ಪುಟ್ಟ ರೈಲ್ವೆ ವಸತಿ ಕುಕ್. ಆ ದೇಶದ ಪ್ರಧಾನಿಯಾಗಿದ್ದ ಜೋಸೆಫ್ ಕುಕ್ ಅವರ ಹೆಸರು. ಅಲ್ಲಿ ಶಾಲೆಯಿತ್ತು, ಆಸ್ಪತ್ರೆಯಿತ್ತು, ಅಂಗಡಿಯಿತ್ತು, ಈಜುಕೊಳವೂ ಇತ್ತು. ಆದರೆ ನೀರು, ರೊಟ್ಟಿ, ಮಾಂಸ, ತರಕಾರಿ ಎಲ್ಲವೂ ರೈಲಿನಲ್ಲೇ ಬರಬೇಕು. ‘ಟೀ ಅಂಡ್ ಶುಗರ್’ ಎಂಬ ಹೆಸರಿನ ಸಂತೆಗಾಡಿಯೊಂದು ವಸತಿಯಿಂದ ವಸತಿಗೆ ದಿನಸಿ ಹೊತ್ತು ನಡೆಯುತ್ತಿತ್ತು. ಡೀಸೆಲ್ ಎಂಜಿನ್ ಬಂತು, ನೀರು ಕುಡಿಯಲು ನಿಲ್ಲುವ ಅಗತ್ಯ ತಪ್ಪಿತು. ಹಳಿ ಕಾಯಲು ಕಡಿಮೆ ಜನ ಸಾಕಾದರು. 1996ರಲ್ಲಿ ಸಂತೆಗಾಡಿ ನಿಂತಿತು. 1997ರಲ್ಲಿ ರೈಲ್ವೆಯೇ ಖಾಸಗಿಯವರ ಕೈಸೇರಿ ಊರು ಮುಚ್ಚಿತು. ಈಗ ಕುಕ್‌ನಲ್ಲಿ ಬೆರಳೆಣಿಕೆಯ ಜನ, ಬೀಗ ಹಾಕಿದ ಮನೆಗಳು, ಹಾದುಹೋಗುವ ಪ್ರವಾಸಿ ರೈಲು.

ಉಗಿಬಂಡಿ ಮದ್ದೂರಿನಲ್ಲೂ ಹೋಯಿತು. ನೀರಿನ ಕಂಬಕ್ಕೆ ಇಲ್ಲಿಯೂ ಕೆಲಸ ತಪ್ಪಿತು. ಹಾಗಿದ್ದರೆ ಮದ್ದೂರು ಯಾಕೆ ಕುಕ್ ಆಗಲಿಲ್ಲ? ನನ್ನ ಮಟ್ಟಿಗೆ ಉತ್ತರ ಸ್ಪಷ್ಟ. ಕುಕ್‌ಗೆ ಹಳಿಯ ಆಚೆ ಈಚೆ ಯಾರೂ ಇರಲಿಲ್ಲ. ಮದ್ದೂರಿನ ಬೆನ್ನಿಗೆ ಮಳವಳ್ಳಿಯಿತ್ತು, ಕೆ.ಎಂ. ದೊಡ್ಡಿಯಿತ್ತು, ಬೊಪ್ಪೇಗೌಡನಪುರದ ಸೀಮೆಯಿತ್ತು, ಪೂರಿಗಾಲಿಯಿತ್ತು. ರೈಲ್ವೆಯ ವಸತಿಯನ್ನು ಊರು ಮಾಡಿದ್ದು ರೈಲ್ವೆಯಲ್ಲ, ರೈಲು ಕಾಣದ ಹಳ್ಳಿಗಳು. ಎಂಜಿನ್ನಿಗೆ ನೀರು ಕೊಟ್ಟದ್ದು ಶಿಂಷಾ, ಟೇಷನ್ನಿಗೆ ಜೀವ ಕೊಟ್ಟದ್ದು ಇಡೀ ರಾತ್ರಿ ನಡೆದುಬಂದ ಎತ್ತಿನ ಗಾಡಿಗಳು. ನಿಲ್ದಾಣದ ಚರಿತ್ರೆಯನ್ನು ಪ್ಲಾಟ್‌ಫಾರಂ ಮೇಲೆ ನಿಂತು ಬರೆಯುವವರು ಇದನ್ನು ಮರೆಯುತ್ತಾರೆ.

ಇದೇ ಹಳ್ಳಿಗಳ ಬಲವನ್ನು ಕಾಂಗ್ರೆಸ್ಸಿನವರೂ ಕಂಡಿದ್ದರು. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಮದ್ದೂರಿನ ಅಂಚಿಗೇ ಇರುವ ಶಿವಪುರದಲ್ಲಿ. ಧ್ವಜ ಹಾರಿಸಬಾರದೆಂಬ ಆಜ್ಞೆ ಮುರಿದು ಟಿ. ಸಿದ್ದಲಿಂಗಯ್ಯನವರ ಮುಂದಾಳುತನದಲ್ಲಿ ಧ್ವಜ ಎತ್ತಿದರು, ಬಂಧನವಾಯಿತು, ಒಬ್ಬರಾದ ಮೇಲೆ ಒಬ್ಬರು ಮುಂದೆ ಬಂದರು. ಬೆಂಗಳೂರು, ಮೈಸೂರು ಎರಡೂ ಕಡೆಯಿಂದ ರೈಲು, ರಸ್ತೆ ಎರಡೂ ಕೂಡುವ ಜಾಗ, ಸುತ್ತ ಗಟ್ಟಿ ರೈತಾಪಿ ಹಳ್ಳಿಗಳು. ಅಂಥ ಸಭೆಗೆ ಇದಕ್ಕಿಂತ ಒಳ್ಳೆಯ ಊರು ಸಂಸ್ಥಾನದಲ್ಲಿ ಸಿಗುವುದು ಕಷ್ಟವಿತ್ತು. ಇವತ್ತು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ.

ಆಮೇಲಿನದು ನಾವೆಲ್ಲ ಕಂಡದ್ದು. 1990ರ ದಶಕದಲ್ಲಿ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದರು. ಒಂದು ಮೀಟರ್ ಅಗಲದ ಹಾದಿ 1,676 ಮಿಲಿಮೀಟರ್ ಆಯಿತು. ಜೋಡಿಹಳಿ ಬಂತು. ಶ್ರೀರಂಗಪಟ್ಟಣದಲ್ಲಿ ಆ ಎರಡನೇ ಹಳಿಗೆ ಟಿಪ್ಪುವಿನ ಮದ್ದಿನಮನೆಯೊಂದು ಅಡ್ಡ ನಿಂತಿತ್ತು. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು ನೂರು ಮೀಟರ್ ಆಚೆ ಸರಿಸಿದರು. ರೈಲಿಗಾಗಿ ಚರಿತ್ರೆಯನ್ನು ಒಡೆಯದೆ ಸರಿಸಿದ ಆ ಕೆಲಸ ನಿಜಕ್ಕೂ ಮೆಚ್ಚತಕ್ಕದ್ದು. ತಂತಿ ಬಂತು, ವಿದ್ಯುತ್ ಎಂಜಿನ್ ಬಂತು. ಶಿವನಸಮುದ್ರದ ವಿದ್ಯುತ್ತಿಗೆ ಯಂತ್ರ ಇಳಿಸಿಕೊಟ್ಟ ನಿಲ್ದಾಣಕ್ಕೆ ವಿದ್ಯುತ್ ರೈಲು ಬರಲು ಶತಮಾನ ದಾಟಬೇಕಾಯಿತು. ಟೋಕನ್ ಚೆಂಡು, ಬೆತ್ತದ ಬಳೆ ಹೋದವು. ಮೂಟೆಗಳು ಯಾವತ್ತೋ ಲಾರಿ ಹತ್ತಿದ್ದವು. ಈಗ ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ಮುಂಬೈ, ದೆಹಲಿಗೆ ಹೋಗುವ ಕಾಯಿಗಳೂ ಲಾರಿಯಲ್ಲೇ ಹೋಗುತ್ತವೆ.

ನಿಲ್ದಾಣ ಮಾತ್ರ ಖಾಲಿಯಾಗಿಲ್ಲ. ಬೆಳಗಿನ ಗಾಡಿಗೆ ಹೋಗಿ ನೋಡಿ. ಬೆಂಗಳೂರಿನ ಕಾರ್ಖಾನೆಗೆ ಹೋಗುವ ಹುಡುಗ ಹುಡುಗಿಯರು, ಆಸ್ಪತ್ರೆಗೆ ಹೊರಟ ಮುದುಕಿ, ಕಾಲೇಜಿನ ಮಕ್ಕಳು, ತಿಂಗಳ ಪಾಸು ಹಿಡಿದ ಗುಮಾಸ್ತರು. ಅವರಲ್ಲಿ ಎಷ್ಟೋ ಮಂದಿ ಮಳವಳ್ಳಿ ಕಡೆಯಿಂದ ಕೋಳಿ ಕೂಗುವ ಮೊದಲೇ ಎದ್ದು ಬಸ್ಸು, ಬೈಕು ಹತ್ತಿ ಬಂದವರು. ಎತ್ತಿನ ಗಾಡಿಯ ಜಾಗಕ್ಕೆ ಬೈಕು ಬಂದಿದೆ, ಮೂಟೆಯ ಜಾಗಕ್ಕೆ ಅವರೇ ಬಂದಿದ್ದಾರೆ. ಆ ಲೆಕ್ಕದಲ್ಲಿ ಪೂರಿಗಾಲಿಯ ಟೇಷನ್ನು ಇವತ್ತಿಗೂ ಮದ್ದೂರೇ.

ಕಾವೇರಿಯಾಚೆಯೂ ರೈಲು ಬಂದು ಬಹಳ ಕಾಲವಾಯಿತು. 1891ರಲ್ಲಿ ನಂಜನಗೂಡು, 1926ರಲ್ಲಿ ಚಾಮರಾಜನಗರ. ಬಡಗಣದಲ್ಲಿ ಮದ್ದೂರಿನ ಹಳಿ, ತೆಂಕಣದಲ್ಲಿ ಚಾಮರಾಜನಗರದ ಹಳಿ, ನಡುವೆ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ಮೂರಕ್ಕೂ ಇಲ್ಲ. ಬೆಂಗಳೂರಿನಿಂದ ಸತ್ಯಮಂಗಲಕ್ಕೆ ಹಾದಿ ಹಾಕುವ ಮಾತು 1996–97ರ ರೈಲ್ವೆ ಮುಂಗಡಪತ್ರದಲ್ಲಿ ಸೇರಿತು. ಚಾಮರಾಜನಗರದಾಚೆಯ ಕಾಡು ಅಡ್ಡ ಬಂತು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ 142 ಕಿಲೋಮೀಟರ್ ಎಂಬ ಭಾಗಕ್ಕೆ ಅಂಥ ಕಾಡಿನ ನೆಪವಿಲ್ಲ. ನಕ್ಷೆಯಲ್ಲಿ ಅದರ ಕನಕಪುರ–ಮಳವಳ್ಳಿಯ ಗೆರೆಯನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ. 1799ರಲ್ಲಿ ಹ್ಯಾರಿಸ್‌ನ ದಂಡು ಹಿಡಿದ ಕವಲೇ ಅದು. ದಂಡಿಗೆ ಸಿಕ್ಕ ದಾರಿ ಗಾಡಿಗೆ ಇನ್ನೂ ಸಿಕ್ಕಿಲ್ಲ.

ಆ ಹಾದಿ ಬೇಕು ಎಂದು ನಾನು ಕೇಳುವುದು ದಯೆಗಾಗಿ ಅಲ್ಲ, ಸಲ್ಲಬೇಕಾದ ಬಾಕಿಗಾಗಿ. ಬರದಲ್ಲಿ ಏರಿ ಹೊತ್ತವರ ಬಾಕಿ, ಶಿವನಸಮುದ್ರಕ್ಕೆ ಯಂತ್ರ ಎಳೆದವರ ಬಾಕಿ, ನೂರು ವರ್ಷ ಇನ್ನೊಂದು ಊರಿನ ಟೇಷನ್ನಿಗೆ ಮೂಟೆ ಹೊತ್ತವರ ಬಾಕಿ. ನಮ್ಮ ಜನಪ್ರತಿನಿಧಿಗಳು ಚುನಾವಣೆಗೊಮ್ಮೆ ಮಾತ್ರ ಆ ನಕ್ಷೆ ಬಿಚ್ಚುವುದನ್ನು ನಿಲ್ಲಿಸಬೇಕು. ಅದರ ಜೊತೆಗೆ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯಲ್ಲಿ ಮದ್ದೂರಿಗೆ ಗಾಡಿ ಹೂಡಿದವರು, ಹನಕೆರೆಯಲ್ಲೋ ಶೆಟ್ಟಿಹಳ್ಳಿಯಲ್ಲೋ ಕೀಮನ್ ಆಗಿದ್ದವರು, ಡಬ್ಬಿಯಿಂದ ಡಬ್ಬಿಗೆ ವಡೆ ಮಾರಿದವರು ಇನ್ನೂ ಇದ್ದರೆ ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ. ನಮ್ಮಜ್ಜ ಹೇಳಿದ್ದರಲ್ಲಿ ನಾನು ಬರೆದುಕೊಂಡದ್ದು ತೀರಾ ಕಡಿಮೆ.

ಬೆಂಗಳೂರು–ಮೈಸೂರು ನಡುವೆ ರೈಲು ಓಡಲು ಶುರುವಾಗಿ 140 ವರ್ಷ ದಾಟಿದೆ. ಮಳವಳ್ಳಿ ತಾಲ್ಲೂಕಿನ ನೆಲದಲ್ಲಿ ಇವತ್ತಿಗೂ ಒಂದು ಅಡಿ ಹಳಿಯಿಲ್ಲ.